ನೀರು ಮುಟ್ಟದೆ ನೋಡಿದ ಕಾಲೇಜು

ಮೊನ್ನೆ ಬಾಜೂಮನೆಯ ಹುಡುಗಿ ತನ್ನ ಅಪ್ಪ-ಅವ್ವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಮುಗಿದಿದೆ, ನ್ಯೂಟ್ರಿಷನ್ ಓದಬೇಕಂತೆ. ನಾನು ಆಸ್ಪತ್ರೆಗಳಲ್ಲಿ ರೋಗಿಗಳ ಊಟ-ಪಥ್ಯ ನೋಡಿಕೊಂಡೇ ನಿವೃತ್ತಳಾದವಳು. ಹೀಗಾಗಿ ಈ ಓಣಿಯಲ್ಲಿ ಯಾರಿಗೆ ಆ ಹುಚ್ಚು ಹಿಡಿದರೂ ಸೀದಾ ನನ್ನ ಬಾಗಿಲಿಗೇ ಬರುತ್ತಾರೆ. ಹುಡುಗಿ ಮೊಬೈಲಿನಲ್ಲಿ ಒಂದೊಂದೇ ಕಾಲೇಜಿನ ಚಿತ್ರ ಸರಿಸುತ್ತ 'ಇದು ಛಲೋ ಐತೇನ್ರಿ ಆಂಟಿ? ಇದು?' ಎಂದು ಕೇಳುತ್ತಿದ್ದಳು. ಎಲ್ಲ ಕಟ್ಟಡಗಳೂ ಒಂದೇ ನಮೂನೆ ಕಾಣುತ್ತಿದ್ದವು. ನನಗೆ ಸಿಟ್ಟು ಬಂತು. ಬರಬಾರದಿತ್ತು, ಆ ಕೂಸಿನದೇನು ತಪ್ಪು?

'ಇದರಾಗ ನೋಡಿದ್ರ ಏನೂ ತಿಳಿಯೂದಿಲ್ಲವಾ. ಮೂರೂ ಮಂದಿ ಹೋಗಿ ನೋಡಿ ಬರ್ರಿ. ಹೋದಾಗ ಅವರು ಚಹಾ ಕೊಟ್ರ ಚಹಾ ಕುಡೀರಿ, ನೀರು ಕೊಟ್ರ ನೀರು ಕುಡೀರಿ. ಏನ ಕೊಟ್ರೂ ಬ್ಯಾಡ ಅನಬ್ಯಾಡ್ರಿ' ಎಂದೆ. ಮೂವರೂ ನಕ್ಕರು. ಆಂಟಿ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತೆ. ಸಂಜೆಯವರೆಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ನಾನು ಕಾಲೇಜು ನೋಡಲು ಹೋದದ್ದು ಎಂಬತ್ತರ ದಶಕದ ಒಂದು ಜೂನ್ ತಿಂಗಳಲ್ಲಿ, ಅಪ್ಪ ಮತ್ತು ನೀಲತ್ತಿಯ ಜೊತೆ. ನಮ್ಮದು ಕುಂದಗೋಳ ತಾಲೂಕಿನ ಯರಗುಪ್ಪಿ. ಎರೆ ಹೊಲದ ಊರು. ಮಳೆ ಬಿದ್ದರೆ ಕಾಲಿನ ಚಪ್ಪಲಿ ಮಣ್ಣಿಗೇ ಹೋಗುತ್ತದೆ, ಬೀಳದಿದ್ದರೆ ನೆಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮ ಶೇಖಪ್ಪ ಕಾಕಾ, ಮತ್ತು ಅಪ್ಪನ ಅಕ್ಕ ನೀಲವ್ವ. ನಾನು ಒಬ್ಬಳೇ ಮಗಳು. ನೀಲತ್ತಿ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಹುಡುಗಿಯಾಗಿದ್ದಾಗ ಅಪ್ಪನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳೂ ಅವಳೇ. ಅಪ್ಪನ ಮೀಸೆ ಬೆಳ್ಳಗಾದ ಮೇಲೂ ನಾಲ್ಕು ಮಂದಿಯ ಎದುರಿಗೆ 'ಲೇ ಗುರುಪಾದ' ಎಂದೇ ಕೂಗುತ್ತಿದ್ದಳು. ಅಪ್ಪ ಎಲ್ಲಿದ್ದರೂ 'ಬಂದೆ ಅಕ್ಕಾ' ಎಂದು ಎದ್ದು ಬರುತ್ತಿದ್ದ.

ಅಪ್ಪನಿಗೆ ಸಕ್ಕರಿ ಬ್ಯಾನಿ ಇತ್ತು. ಅದು ಗೊತ್ತಾಗಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ದಿನಾ ಮುಂಜಾನೆ ನುಂಗಲು ಒಂದು ಗುಳಿಗೆ ಬರೆದು, 'ಸಕ್ಕರಿ ಬಿಡ್ರಿ, ಬೆಲ್ಲ ಬಿಡ್ರಿ, ಅನ್ನ ಕಡಿಮಿ ಮಾಡ್ರಿ' ಅಂದು ಮುಂದಿನವರನ್ನು ಕರೆದರು. ಅಷ್ಟೇ. ನಮ್ಮ ಮನೆಯಲ್ಲಿ ಅಂದಿನಿಂದ ಸಕ್ಕರೆ ಅಂದರೆ ವಿಷ. ನೀಲತ್ತಿ ಸಕ್ಕರೆ ಡಬ್ಬಿಯನ್ನು ಮೇಲಿನ ಮಾಡಕ್ಕೆ ಏರಿಸಿ, ಏಣಿಯನ್ನೂ ಬೇರೆ ಕಡೆ ಇಟ್ಟಳು. ಯುಗಾದಿಗೆ ಮನೆ ತುಂಬ ಹೋಳಿಗೆಯ ಘಮ, ಅಪ್ಪನ ತಾಟಿನಲ್ಲಿ ಮಾತ್ರ ರೊಟ್ಟಿ, ಮೆಂತೆ ಪಲ್ಯ. 'ವಾಸನಿ ಆದ್ರೂ ತಗೊಳ್ಳೇನ ಅಕ್ಕಾ?' ಎಂದು ಅಪ್ಪ ಕೇಳಿದರೆ, 'ತಗೋ, ಅದಕ್ಕ ಯಾರು ಬ್ಯಾಡ ಅಂದಾರ?' ಅನ್ನುತ್ತಿದ್ದಳು. ಹೀಗೆ ಅಂದವಳು ತಾನೂ ಆ ಹಬ್ಬದಲ್ಲಿ ಹೋಳಿಗೆ ಮುಟ್ಟಲಿಲ್ಲ.

ಅನ್ನ ಯಾಕೆ ಬೇಡ, ರೊಟ್ಟಿ ಯಾಕೆ ನಡೆಯುತ್ತದೆ, ಗುಳಿಗೆ ಒಳಗೆ ಹೋಗಿ ಏನು ಮಾಡುತ್ತದೆ ಎಂದು ನಾನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಡಾಕ್ಟರಿಗೆ ಹೇಳಲು ಪುರಸೊತ್ತಿರಲಿಲ್ಲ. ಕುಂದಗೋಳದಲ್ಲಿ ಪಿಯುಸಿ ಓದುವಾಗ ನಮ್ಮ ಜೀವಶಾಸ್ತ್ರದ ಮಾಸ್ತರರು ಇದನ್ನೆಲ್ಲ ಕಲಿಸುವ ಡಿಗ್ರಿಯೇ ಇದೆ ಎಂದು ಹೇಳಿದರು. ಆಗ ಅದಕ್ಕೆ ಗೃಹವಿಜ್ಞಾನ ಅನ್ನುತ್ತಿದ್ದರು. ಅದರೊಳಗೆ ಆಹಾರ ಮತ್ತು ಪೋಷಣೆ ಒಂದು ದೊಡ್ಡ ಭಾಗ. ನಾನು ಅಂದೇ ನಿಶ್ಚಯ ಮಾಡಿಬಿಟ್ಟೆ. ಫಲಿತಾಂಶ ಬಂತು, ಅಂಕ ಚೆನ್ನಾಗಿಯೇ ಬಿದ್ದಿದ್ದವು. ಮನೆಯಲ್ಲಿ ಗದ್ದಲ ಶುರುವಾಯಿತು.

'ಅಡಿಗಿ ಕಲಿಯಾಕ ಕಾಲೇಜಿಗೆ ಹೊಕ್ಕಾಳಂತ! ನೀಲಕ್ಕ ಇಲ್ಲೇನ ಕಲಸಾಕ? ಹೊಲದ ಮಂದಿಗೆ ಇಷ್ಟುದ್ದ ಬುತ್ತಿ ಕಟ್ತಾಳ, ಆಕಿ ಯಾವ ಕಾಲೇಜಿಗೆ ಹೋಗಿದ್ಲು?' ಇದು ಶೇಖಪ್ಪ ಕಾಕಾ.

'ನನ್ನ ಹೆಸರು ತಗೀಬ್ಯಾಡ. ನನಗ ಸಾಲಿ ಕಲಿಸಿದ್ರ ನಾನೂ ಹೋಗ್ತಿದ್ದೆ' ಎಂದು ಅತ್ತಿ ಒಳಗಿನಿಂದಲೇ ಕೂಗಿದಳು.

ಅಪ್ಪ ಎಲ್ಲ ಕೇಳಿಸಿಕೊಂಡು ಎಲೆ-ಅಡಿಕೆ ಹಾಕಿಕೊಂಡ. 'ಕಲೀಲಿ ಬಿಡೋ. ನನ್ನ ಸಕ್ಕರಿ ಕಾಯಾಕ ಮನ್ಯಾಗ ಒಬ್ಬರು ಬೇಕಲ್ಲ. ಅಕ್ಕ ಬರೇ ಏಣಿ ಕಾಯ್ತಾಳ' ಎಂದ. ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಆಮೇಲೆ ಅಪ್ಪ ನನ್ನ ಕಡೆ ತಿರುಗಿ, 'ಆದ್ರ ಒಂದ ಮಾತು. ಯಾವ ಕಾಲೇಜು ಅನ್ನೂದು ನಾ ನೋಡಿ ಹೇಳ್ತೀನಿ' ಎಂದ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಊರಲ್ಲಿ ಯಾರ ಮಗಳಿಗೆ ಗಂಡು ನೋಡಲಿ, ಗಂಡಿನ ಮನೆ ನೋಡಲು ಹೋಗುವಾಗ ಅಪ್ಪನನ್ನು ಕರೆಯದೆ ಇರುತ್ತಿರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಕೂಡುವವನಲ್ಲ. ಸೀದಾ ಹಿತ್ತಲಿಗೆ ಹೋಗಿ ದನಗಳ ಮೈ ನೋಡುತ್ತಿದ್ದ, ಬಚ್ಚಲ ನೋಡುತ್ತಿದ್ದ, ನೀರು ಎಷ್ಟು ದೂರದಿಂದ ಹೊರಬೇಕು ನೋಡುತ್ತಿದ್ದ. 'ದನದ ಮೈ ಮ್ಯಾಲ ಎಲಬು ಎಣಿಸುವಂಗಿದ್ರ, ಸೊಸಿಗೇನು ಉಣಸ್ತಾರ?' ಅನ್ನುತ್ತಿದ್ದ. ಇನ್ನು ಒಂದು ಕಟ್ಟಳೆ ಇತ್ತು. ಮಾತು ಮುಗಿದು ಒಪ್ಪಿಗೆ ಆಗುವವರೆಗೆ ಆ ಮನೆಯಲ್ಲಿ ಹನಿ ನೀರು ಮುಟ್ಟಬಾರದು. ಮುಟ್ಟಿದರೆ ಒಪ್ಪಿದಂತೆ, ಆಮೇಲೆ ಬೇಡ ಅನ್ನಲು ಬಾಯಿರುವುದಿಲ್ಲ. ಕಟ್ಟಿಕೊಂಡು ಹೋದ ಬುತ್ತಿಯನ್ನೂ ಆ ಮನೆಯ ಅಂಗಳದಲ್ಲಿ ಬಿಚ್ಚಬಾರದು, ಅದು ಅವರಿಗೆ ಅವಮಾನ. ಕೆಲಸ ಮುಗಿಸಿ ಊರ ಹೊರಗೆ ಬಂದು ಉಣ್ಣಬೇಕು. ಬೇರೆಯವರು ಇದನ್ನೆಲ್ಲ ಅರ್ಧಕ್ಕರ್ಧ ಬಿಟ್ಟಿದ್ದರು. ಅಪ್ಪ ಬಿಟ್ಟಿರಲಿಲ್ಲ.

ಕಾಲೇಜನ್ನೂ ಹಾಗೇ ನೋಡಿದ. ನಗು ಬರುತ್ತದೆ ಅಲ್ಲವೆ? ನನಗೂ ಆಗ ನಗು ಬಂದಿತ್ತು.

ಮೊದಲು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಹೋದೆವು. ಕುಂದಗೋಳದಿಂದ ರೈಲುಗಾಡಿಗೆ ದಿನಾ ಹೋಗಿ ಬರಬಹುದು, ಹಾಸ್ಟೆಲ್ಲಿನ ಗೊಡವೆ ಇಲ್ಲ, ಹೀಗಾಗಿ ಕಾಕಾನಿಗೆ ಅದೇ ಸರಿ ಅನ್ನಿಸಿತ್ತು. ಆದರೆ ಅಲ್ಲಿ ಗೃಹವಿಜ್ಞಾನ ಬಿಎದ ಮೂರು ವಿಷಯಗಳಲ್ಲಿ ಒಂದು ಅಷ್ಟೇ. ಅಪ್ಪ ಪ್ರಿನ್ಸಿಪಾಲರ ಕೋಣೆ ಬಿಟ್ಟು ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬಂದ. ಪ್ರಯೋಗದ ಕೋಣೆ ಎಲ್ಲಿ ಎಂದು ಕೇಳಿದ್ದಕ್ಕೆ ಹೊಲಿಗೆ ಯಂತ್ರ ಇಟ್ಟ ಕೋಣೆ ತೋರಿಸಿದರಂತೆ. ಅವರು ತರಿಸಿದ ಚಹಾಕ್ಕೆ ಕೈ ಮುಗಿದು ಹೊರಗೆ ಬಂದು, ಬಸ್‌ಸ್ಟ್ಯಾಂಡಿನ ಬಾಕಿನ ಮೇಲೆ ಬುತ್ತಿ ಬಿಚ್ಚಿಸಿದ. 'ಈ ಮನಿ ಬ್ಯಾಡ. ದೇವರ ಮನಿ ಐತಿ, ಅಡಿಗಿ ಮನಿ ಇಲ್ಲ' ಎಂದ. ಅತ್ತಿ ಹೌದೌದು ಎಂದು ತಲೆ ಆಡಿಸಿದಳು.

ಉಳಿದದ್ದು ಧಾರವಾಡದ್ದು. ನಾಲ್ಕು ವರ್ಷದ ಪೂರ್ತಿ ಡಿಗ್ರಿ, ಹಾಸ್ಟೆಲ್ಲಿನಲ್ಲಿ ಇರಲೇಬೇಕು. ಸಂದರ್ಶನಕ್ಕೆ ಕರೆ ಬಂದಿತ್ತು.

ಆ ದಿನ ನಸುಕಿನಲ್ಲೇ ಎದ್ದೆವು. ಮಿರಗದ ಮಳೆ ಎರಡು ಸಲ ಛಲೋ ಬಿದ್ದು ಹೆಸರು ಬಿತ್ತಿ ಮುಗಿದಿತ್ತು. ಅಪ್ಪ ಸಕ್ಕರೆ ಇಲ್ಲದ ಚಹಾದ ಜೊತೆ ಗುಳಿಗೆ ನುಂಗಿದ. ಅವ್ವ ರೊಟ್ಟಿ ತಿಂದು ಹೋಗಲು ಹೇಳಿದರೆ, 'ಬಸ್ಸು ಹೋದೀತು, ಹುಬ್ಬಳ್ಳ್ಯಾಗ ತಿಂತೀವಿ' ಎಂದ. ಬಸ್ಸು ಹಾದಿಯಲ್ಲಿ ಕೆಸರಿಗೆ ಸಿಕ್ಕು ತಡವಾಯಿತು. ಹುಬ್ಬಳ್ಳಿಯಲ್ಲಿ ಇಳಿಯುವುದಕ್ಕೂ ಧಾರವಾಡದ ಬಸ್ಸು ಹೊರಡುವುದಕ್ಕೂ ಸರಿಹೋಯಿತು. ಓಡಿ ಹತ್ತಿದೆವು. ಬುತ್ತಿಯ ಗಂಟು ಅತ್ತಿಯ ಕೈಯಲ್ಲಿ ಹಾಗೇ ಇತ್ತು.

ಧಾರವಾಡದಲ್ಲಿ ಜಿಟಿಜಿಟಿ ಮಳೆ, ತಂಪು ಗಾಳಿ. ಕೆಂಪು ಮಣ್ಣಿನ ದೊಡ್ಡ ಆವಾರ, ಗಿಡಗಳ ಕೆಳಗೆ ನಮ್ಮಂತೆಯೇ ಬಂದ ತಂದೆ-ತಾಯಿಯರು. ಅಪ್ಪ ಖುಷಿಯಾಗಿದ್ದ. ಧೋತರ ಎತ್ತಿ ಕಟ್ಟಿ ಹಾಸ್ಟೆಲ್ಲಿನ ಹಿಂದಕ್ಕೆ ಹೋಗಿಯೇಬಿಟ್ಟ. ನೀರಿನ ಟಾಕಿ ನೋಡಿದ, ಅಡಿಗೆ ಮನೆಯ ಕಿಟಕಿಯಿಂದ ಬಗ್ಗಿ ನೋಡಿದ, ತಾಟು ತೊಳೆಯುತ್ತಿದ್ದ ಹುಡುಗಿಯರಿಗೆ 'ಜ್ವಾಳದ ರೊಟ್ಟಿ ಕೊಡ್ತಾರೇನ್ರವಾ ನಿಮಗ?' ಎಂದು ಕೇಳಿದ. ಅವರು ಕಿಸಿಕಿಸಿ ನಕ್ಕು, 'ದಿನಾ ಕೊಡ್ತಾರ್ರಿ ಕಾಕಾ, ದಪ್ಪ ಇರ್ತಾವ' ಎಂದರು. ನಾನು ನಾಚಿಕೆಯಿಂದ ಗಿಡದ ಹಿಂದೆ ನಿಂತಿದ್ದೆ.

ಗದ್ದಲ ಕೇಳಿ ವಾರ್ಡನ್ ಬಾಯಾರು ಹೊರಗೆ ಬಂದರು. ಮೈಸೂರು ಕಡೆಯವರು, ಮೆತ್ತಗಿನ ಮಾತು. ನಮ್ಮನ್ನು ಒಳಗೆ ಕರೆದು ಕೂಡಿಸಿ, ಅಡಿಗೆಯ ಹೆಣ್ಣುಮಗಳಿಗೆ ಹೇಳಿ ನಿಂಬೆಹಣ್ಣಿನ ಪಾನಕ ತರಿಸಿದರು. ಅಪ್ಪ ಎದ್ದು ನಿಂತು ಕೈ ಮುಗಿದ.

'ಈಗ ಬ್ಯಾಡ್ರಿ ಬಾಯಾರ. ಮಾತು ಮುಗೀಲಿ.'

ಬಾಯಾರ ಮುಖ ಸಣ್ಣದಾಯಿತು. 'ಯಾಕೆ, ನಮ್ಮ ಕೈಯಲ್ಲಿ ಕುಡಿಯಬಾರದೇ?' ಎಂದರು.

'ಅಯ್ಯ, ಹಂಗಲ್ರಿ!' ಎಂದು ಅತ್ತಿ ಗಾಬರಿಯಾಗಿ ನಡುವೆ ಬಂದಳು. 'ನಮ್ಮ ಗುರುಪಾದ ಮನಿ ನೋಡಾಕ ಹೋದ್ರ ಒಪ್ಪಿಗಿ ಆಗೂತನ ನೀರ ಕುಡಿಯೂದಿಲ್ರಿ. ಇದಕ್ಕೂ ಹಂಗ ಮಾಡಾಕತ್ತಾನ. ಬ್ಯಾಸರಾ ಮಾಡ್ಕೋಬ್ಯಾಡ್ರಿ.'

ಬಾಯಾರಿಗೆ ಅರ್ಥವಾಗಿ ನಗು ಬಂತು. 'ಇದೇನು ಗಂಡಿನ ಮನೆಯೇ ಯಜಮಾನ್ರೇ?'

'ಮತ್ತ ಏನ್ರಿ?' ಎಂದ ಅಪ್ಪ. 'ನಾಕು ವರ್ಷ ಮಗಳನ್ನ ಕೊಡಾಕ ಬಂದೀನಿ. ಗಂಡಿನ ಮನಿ ಆದ್ರ ಹಬ್ಬಕ್ಕ ಕರಕೊಂಡು ಬರಬಹುದು, ನೀವು ಅದಕ್ಕೂ ಚೀಟಿ ಬರೀಬೇಕಂತೀರಿ. ಸೀಟು ಆಗಲ್ರಿ, ನಿಮ್ಮ ಹುಡಿಗ್ಯಾರ ಸಾಲಿನಾಗ ಕುಂತು ಉಂಡ ಹೋಗ್ತೀನಿ.'

ಬಾಯಾರು ಈಗ ಬಾಯಿ ತುಂಬ ನಕ್ಕರು. 'ಆಗಲಿ, ನಿಮಗೆ ತಾಟು ತೆಗೆದಿಡಿಸುತ್ತೇನೆ' ಎಂದರು. ನನಗೆ ಆ ಕ್ಷಣದಲ್ಲಿ ಆ ಬಾಯಾರ ಮೇಲೆ, ಆ ಕೆಂಪು ಆವಾರದ ಮೇಲೆ, ಎಲ್ಲದರ ಮೇಲೂ ಪ್ರೀತಿ ಬಂತು. ಇಲ್ಲೇ ಓದಬೇಕು ಅನ್ನಿಸಿತು. ಆದರೆ ಸಂದರ್ಶನ ಮುಂದೆ ಮುಂದೆ ಹೋಯಿತು. ಯಾರೋ ದೊಡ್ಡವರು ಬರಬೇಕಾಗಿತ್ತಂತೆ, ಬಂದಿರಲಿಲ್ಲ. ನಾವು ಜಗುಲಿಯ ಬಾಕಿನ ಮೇಲೆ ಕಾಯುತ್ತ ಕೂತೆವು. ಊಟದ ಹೊತ್ತು ಮೀರಿತು.

'ಹೊರಗ ಹೋಗಿ ಒಂದ ರೊಟ್ಟಿ ತಿಂದು ಬರೂಣು ಬಾರೋ' ಎಂದಳು ಅತ್ತಿ.

'ಇಕಿ ಹೆಸರು ಕರದ್ರ? ಕುಂದ್ರು ಸುಮ್ನ!' ಎಂದು ಅಪ್ಪ ಸಿಡುಕಿದ. ಅವನು ಅಕ್ಕನ ಮೇಲೆ ಎಂದೂ ದನಿ ಏರಿಸಿದವನಲ್ಲ. ಅತ್ತಿ ಬೆರಗಾಗಿ ನನ್ನ ಮುಖ ನೋಡಿದಳು. ಅಪ್ಪನ ಹಣೆಯ ಮೇಲೆ, ಕುತ್ತಿಗೆಯ ಮೇಲೆ ಬೆವರು. ನಮಗೆ ಚಳಿಯಾಗಿ ಸೆರಗು ಹೊದ್ದು ಕೂತಿದ್ದೆವು, ಅವನ ಅಂಗಿ ಬೆನ್ನಿಗೆ ಹತ್ತಿಕೊಂಡಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, 'ಎತ್ತು ಬಿಚ್ಚಿದ್ರೇನ?' ಎಂದು ಕೇಳಿದ. 'ಎಲ್ಲಿ ಎತ್ತು ಅಪ್ಪಾ?' ಎಂದರೆ ಗಿಡಗಳ ಕಡೆ ಕೈ ತೋರಿಸಿದ. ಕೈ ನಡುಗುತ್ತಿತ್ತು.

ಅಡಿಗೆಯ ಹೆಣ್ಣುಮಗಳು ಆ ಕಡೆ ಹಾದುಹೋಗುವವಳು ಅಪ್ಪನನ್ನು ನೋಡಿ ನಿಂತಳು. 'ಅಯ್ಯ ಶಿವನ, ಯಜಮಾನ್ರಿಗೆ ಚಕ್ಕರ ಬಂದಂಗೈತಿ' ಎಂದು ಒಳಗೆ ಓಡಿ ಒಂದು ವಾಟೆ ತುಂಬ ಸಕ್ಕರೆ ನೀರು ಕಲಸಿ ತಂದಳು. ಅಪ್ಪ ಈಗ ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಕೊಟ್ಟಿದ್ದರೆ ಕುಡಿಯುತ್ತಿದ್ದ. ಅತ್ತಿ ಎದ್ದು ಆಕೆಯ ಕೈ ಹಿಡಿದಳು.

'ಬ್ಯಾಡಬೇ ನಮ್ಮವ್ವ, ಅಂವಗ ಸಕ್ಕರಿ ಬ್ಯಾನಿ ಐತಿ. ಸಕ್ಕರಿ ಅಂದ್ರ ವಿಷ. ಡಾಕ್ಟ್ರ ಹೇಳ್ಯಾರ.'

'ಹೌದೇನ್ರಿ? ನನಗೇನ ಗೊತ್ರಿ' ಎಂದು ಆಕೆ ವಾಟೆ ಹಿಂದೆ ತೆಗೆದುಕೊಂಡು ಹೋದಳು.

ಅಷ್ಟರಲ್ಲಿ ನನ್ನ ಹೆಸರು ಕರೆದರು. ಒಳಗೆ ನಾಲ್ಕು ಮಂದಿ ಕೂತಿದ್ದರು. ಈ ವಿಷಯ ಯಾಕೆ ಬೇಕು ಎಂದು ಕೇಳಿದರು. ನಮ್ಮಪ್ಪನಿಗೆ ಸಕ್ಕರೆ ರೋಗ ಇದೆ, ಅವನಿಗೆ ಏನು ಉಣ್ಣಿಸಬೇಕು ಎಂದು ಯಾರೂ ಸರಿಯಾಗಿ ಹೇಳಲಿಲ್ಲ, ಅದಕ್ಕೆ ಎಂದೆ. ಅವರಿಗೆ ಆ ಉತ್ತರ ಬಹಳ ಹಿಡಿಸಿತು. ಅಲ್ಲೇ ಸೀಟು ಆಯಿತು ಎಂದು ಹೇಳಿದರು. ಆ ಹೊತ್ತಿನಲ್ಲಿ ಅಪ್ಪ ಗೋಡೆಯ ಆಚೆ ಬಾಕಿನ ಮೇಲೆ ಉರುಳಿದ್ದ. ನಾನು ಓಡಿ ಬಂದು 'ಅಪ್ಪಾ, ಆತು!' ಎಂದೆ. ಕಣ್ಣು ಅರ್ಧ ತೆರೆದು ನನ್ನನ್ನು ಬೇರೆ ಯಾರದೋ ಮಗಳು ಎಂಬಂತೆ ನೋಡಿ ಮತ್ತೆ ಮುಚ್ಚಿದ. 'ದಣದಾನ, ಮಲಗಲಿ' ಎಂದಳು ಅತ್ತಿ. ಮಲಗಿಸಿದೆವು. ನಮ್ಮ ಕರ್ಮ, ಮಲಗಲು ಬಿಟ್ಟೆವು!

ಸಂಜೆಗೆ ಎಬ್ಬಿಸಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಬಸ್ಸಿಗೆ ಹತ್ತಿಸಿದೆವು. ಕಾಲು ತೊಡರುತ್ತಿದ್ದವು, ಮಾತು ತೊದಲುತ್ತಿತ್ತು. ಕಂಡಕ್ಟರ್ ನೋಡಿ, 'ಕುಡದಾರೇನ್ರಿ? ಕುಡದವರನ್ನ ಹತ್ತಸಬ್ಯಾಡ್ರಿ, ವಾಂತಿ ಮಾಡ್ತಾರ' ಎಂದ. ಅತ್ತಿ ಇಡೀ ಬಸ್ಸು ಕೇಳುವಂತೆ ಅವನ ಮೇಲೆ ಹರಿಹಾಯ್ದಳು. 'ಕೊರಳಾಗ ಲಿಂಗ ಐತಿ, ಕಣ್ಣಿಲ್ಲೇನೋ ನಿನಗ? ನನ್ನ ತಮ್ಮ ಎಲಿ-ಅಡಿಕಿ ಬಿಟ್ಟು ಇನ್ನೊಂದು ಮುಟ್ಟಿದಂವ ಅಲ್ಲ!' ಕಂಡಕ್ಟರ್ ಟಿಕೀಟು ಹರಿದು ಕೊಟ್ಟು ಮುಂದೆ ಹೋದ. ಅಪ್ಪ ಅತ್ತಿಯ ಹೆಗಲ ಮೇಲೆ ತಲೆ ಇಟ್ಟು ಗೊರಕೆ ಹೊಡೆಯತೊಡಗಿದ. ಹುಬ್ಬಳ್ಳಿಯಲ್ಲಿ ಎಬ್ಬಿಸಿದರೆ ಏಳಲಿಲ್ಲ.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಅವರು ಸೂಜಿ ಚುಚ್ಚಿದರು, ಬಾಟಲಿ ಹಚ್ಚಿದರು, ಓಡಾಡಿದರು. ಕಾಕಾ, ಅವ್ವ ಬಂದರು. ಅಪ್ಪ ಉಸಿರಾಡುತ್ತ ಕೆಲವು ದಿನ ಇದ್ದ, ಕಣ್ಣು ಮಾತ್ರ ತೆರೆಯಲಿಲ್ಲ. ಅವ್ವ ಅವನ ಪಾದ ಒತ್ತುತ್ತ ಕೂತಿರುತ್ತಿದ್ದಳು. ಒಂದು ಮುಂಜಾನೆ ಪಾದ ತಣ್ಣಗಾಗಿದ್ದವು. ಡಾಕ್ಟರು ಕಾಕಾನಿಗೆ ಅವಸರದಲ್ಲಿ ಏನೋ ಇಂಗ್ಲಿಷಿನಲ್ಲಿ ಹೇಳಿದರು. ಕಾಕಾ ಹೊರಗೆ ಬಂದು 'ಸಕ್ಕರಿ ಹೆಚ್ಚುಕಡಿಮಿ ಆತಂತ' ಎಂದ. ಊರಿಗೆ ಬರುವುದರೊಳಗೆ ಅದು ಸಕ್ಕರೆ ಹೆಚ್ಚಾಗಿ ಹೋದ ಎಂದು ಆಗಿತ್ತು. ಹೊಲದಲ್ಲಿ ಮಣ್ಣು ಕೊಟ್ಟು ಬಂದರು. ಹೆಸರು ಆಗಷ್ಟೇ ಎರಡೆಲೆ ಬಿಟ್ಟಿತ್ತು. ಅವ್ವ ಎದೆ ಬಡಿದುಕೊಂಡು ಅತ್ತಳು. ಊರೇ ಅತ್ತಿತು. ನೀಲತ್ತಿ ಅಳಲಿಲ್ಲ. ಬಂದವರಿಗೆ ಹಾಸಿಗೆ ಹಾಸಿದಳು, ನೀರು ಕೊಟ್ಟಳು, ಅಳಲು ಮಾತ್ರ ಆಗಲಿಲ್ಲ ಅವಳಿಗೆ.

ಯಾರಾದರೂ ಕಾಲೇಜಿನ ಹೆಸರು ತೆಗೆದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಕರ್ಮದ ದಿನಗಳು ಮುಗಿದ ಮೇಲೆ ಕಾಕಾನೇ ಮಾತು ತೆಗೆದ. ಕೆಟ್ಟವನಲ್ಲ ಅವನು, ಅಣ್ಣ ಹೋದದ್ದಕ್ಕೆ ಹೆದರಿದ್ದ. 'ಆ ಹೊಸ್ತಿಲಾ ತುಳಿದ ದಿನಾನ ಅಣ್ಣನ್ನ ತಿಂತು ಅದು. ಅಲ್ಲಿ ಬ್ಯಾಡ. ಕಲೀಲೇಬೇಕಂದ್ರ ಹುಬ್ಬಳ್ಳಿಗೆ ದಿನಾ ಹೋಗಿ ಬರ್ಲಿ. ಹೆಂಗೂ ಅಣ್ಣ ಧಾರವಾಡದಾಗ ನೀರ ಮುಟ್ಟಿಲ್ಲ. ಒಪ್ಪಿಗಿ ಆಗಿಲ್ಲಂದಂಗ.'

ನಾನು ಹೂಂ ಅನ್ನಲು ತಯಾರಾಗಿದ್ದೆ. ಅವ್ವ ಒಬ್ಬಳೇ ಆಗಿದ್ದಳು, ದಿನಾ ಸಂಜೆ ಅವಳ ಕಣ್ಣೆದುರಿಗೆ ಬಂದು ಬೀಳುವುದೇ ಸಾಕು ಅನ್ನಿಸಿತ್ತು. ಆಗ ನೀಲತ್ತಿ ಬಾಗಿಲಲ್ಲಿ ಬಂದು ನಿಂತಳು.

'ಒಪ್ಪಿದ್ದ. ಇಕಿ ಒಳಗ ಹೋದಾಗ ನನ್ನ ಮುಂದ ಹೇಳ್ಯಾನ. ಅಕ್ಕಾ, ಈ ಮನಿ ಛಲೋ ಐತಿ, ಇಲ್ಲೇ ಇಡೂಣು ಅಂದ.'

ಕಾಕಾ ಅವಳ ಮುಖ ನೋಡಿದ. ಅವಳು ರೆಪ್ಪೆ ಹೊಡೆಯಲಿಲ್ಲ. ಅಣ್ಣನ ಮಾತು ಅಂದ ಮೇಲೆ ಅವನು ಎದುರಾಡುವಂತಿರಲಿಲ್ಲ. ನಾನು ಒಳಗೆ ಹೋದಾಗ ಅಪ್ಪನಿಗೆ ಮಾತೇ ಹೊರಡುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹಿತ್ತಲಿಗೆ ಹೋಗಿ ಕೇಳಿದೆ, 'ಯಾಕ ಅತ್ತಿ? ನನಗ ಅಲ್ಲಿಗೆ ಹೋಗಾಕ ಮನಸಿಲ್ಲ.'

ಅತ್ತಿ ನನ್ನ ರಟ್ಟೆ ಹಿಡಿದಳು, ನೋಯುವಂತೆ. 'ಮನಸಿಲ್ಲಂದ್ರ ನಡಿಯಂಗಿಲ್ಲ. ನನ್ನ ತಮ್ಮ ಮುಂಜಾನಿ ನಕ್ಕೋತ ಹ್ವಾದಂವ ಸಂಜಿಕ ಯಾಕ ಏಳಲಿಲ್ಲ? ಡಾಕ್ಟ್ರ ಹೇಳಲಿಲ್ಲ, ಶೇಖಪ್ಪಗ ತಿಳೀಲಿಲ್ಲ. ಹುಬ್ಬಳ್ಳ್ಯಾಗ ಹೊಲಿಗಿ ಕಲಸ್ತಾರ. ನೀ ಅಲ್ಲಿ ಹೋಗು. ಕಲತು ಬಂದು ನನಗ ಹೇಳು.'

ಹೀಗೆ ನನ್ನ ಕಾಲೇಜು ನಿಶ್ಚಯವಾಯಿತು. ಟ್ರಂಕು ಹೊತ್ತುಕೊಂಡು ಕಾಕಾನ ಜೊತೆ ಹೋದೆ. ವಾರ್ಡನ್ ಬಾಯಾರು ನನ್ನನ್ನು ಗುರುತು ಹಿಡಿದು, 'ನಿಮ್ಮ ತಂದೆ ಎಲ್ಲಿ? ಅವತ್ತು ತಾಟು ತೆಗೆದಿಟ್ಟಿದ್ದೆ, ಊಟ ಮಾಡದೇ ಹೋದರಲ್ಲ' ಎಂದರು. ಕಾಕಾ ಹೇಳಿದ. ಬಾಯಾರು ನನ್ನ ತಲೆಯ ಮೇಲೆ ಕೈ ಇಟ್ಟು, ಆಮೇಲೆ ಟ್ರಂಕಿಗೆ ತಾವೂ ಒಂದು ಕೈ ಹಚ್ಚಿ ನನ್ನನ್ನು ಒಳಗೆ ಕರೆದೊಯ್ದರು. ಆ ಮಳೆಗಾಲವೆಲ್ಲ ನಾನು ಜಗುಲಿಯ ಆ ಬಾಕು ತಪ್ಪಿಸಿ ಹಿಂದಿನ ಬಾಗಿಲಿನಿಂದ ಓಡಾಡಿದೆ. ರೊಟ್ಟಿ ನಿಜವಾಗಿಯೂ ದಪ್ಪಗಿದ್ದವು. ಓದಿದೆ, ಹಟ ಹಿಡಿದು ಓದಿದೆ. ಅನ್ನ, ರೊಟ್ಟಿ, ಬೇಳೆ ಒಳಗೆ ಹೋಗಿ ಏನಾಗುತ್ತವೆ ಎಂದು ಒಂದೊಂದಾಗಿ ತಿಳಿಯುತ್ತ ಬಂತು. ಇದನ್ನು ಅಪ್ಪನಿಗೆ ಹೇಳಬೇಕು ಅಂದುಕೊಳ್ಳುವುದು, ಮರುಕ್ಷಣ ನೆನಪಾಗುವುದು, ದಿನಾ ಇದೇ ಆಗಿತ್ತು.

ಶಿವರಾತ್ರಿಯ ಹೊತ್ತಿಗೆ ರಕ್ತದ ಸಕ್ಕರೆಯ ಪಾಠ ಬಂತು. ಸಕ್ಕರೆ ಏರಿದರೆ ಏನು ಎಂದು ಹೇಳಿ ಮುಗಿಸಿ ಮೇಡಂ ಹಲಗೆಯ ಇನ್ನೊಂದು ಕಡೆ ಬರೆಯತೊಡಗಿದರು. ಸಕ್ಕರೆ ಇಳಿದರೆ. ಗುಳಿಗೆ ನುಂಗಿ ಉಣ್ಣದೇ ಇದ್ದರೆ ಹೀಗಾಗುತ್ತದೆ ಎಂದರು. ಚಳಿಯಲ್ಲೂ ಬೆವರು. ಕೈ ನಡುಕ. ಕಾರಣವಿಲ್ಲದ ಸಿಡುಕು. ಸಂಬಂಧವಿಲ್ಲದ ಮಾತು. ಕುಡಿದವರಂತೆ ನಡಿಗೆ. ಆಮೇಲೆ ನಿದ್ದೆ, ಆ ನಿದ್ದೆಯಲ್ಲಿ ಬಿಟ್ಟರೆ ಮೆದುಳು ಹೋಗುತ್ತದೆ. ಒಬ್ಬ ಹುಡುಗಿ ಎದ್ದು, 'ಇದಕ್ಕೆ ಔಷಧ ಏನು ಮೇಡಂ?' ಎಂದಳು. 'ಔಷಧ ಏನಿಲ್ಲಮ್ಮ. ಎಚ್ಚರ ಇರುವಾಗಲೇ ಒಂದು ಲೋಟ ಸಕ್ಕರೆ ನೀರು ಕುಡಿಸಬೇಕು, ಸ್ವಲ್ಪ ಹೊತ್ತಿನಲ್ಲಿ ಎದ್ದು ಕೂರುತ್ತಾರೆ' ಎಂದರು.

ನಾನು ಎದ್ದು ಹೊರಗೆ ಬಂದೆ. ಆ ಬಾಕಿನ ಮೇಲೆ ಮೊದಲ ಸಲ ಕೂತೆ. ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗೆ ಇದ್ದಿದ್ದರೆ ಹಿಡಿದು ಜಾಡಿಸುತ್ತಿದ್ದೆ. ಯಾವ ಹಾಳು ಕಟ್ಟಳೆ ಅಪ್ಪಾ ನಿನ್ನದು, ಯಾರ ಮನೆಯ ಮರ್ಯಾದೆ ಹೋಗುತ್ತಿತ್ತು? ಬರೇ ಬಿಡ್ರಿ ಬಿಡ್ರಿ ಎಂದು ಹೇಳಿ ಕಳಿಸಿದ ಆ ಡಾಕ್ಟರ ಮೇಲೆ ಸಿಟ್ಟು ಬಂತು. ಅತ್ತಿಯ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಆ ವಾಟೆಯನ್ನು ತಡೆದ ಅವಳ ಕೈ ಅಪ್ಪನನ್ನು ಬಗಲಲ್ಲಿ ಹೊತ್ತ ಕೈಯೇ ಅಲ್ಲವೆ? ಬಿಕ್ಕಿ ಬಿಕ್ಕಿ ಅತ್ತೆ. ಊರಿಗೆ ಹೋದರೆ ಅತ್ತಿ ಕೇಳುತ್ತಾಳೆ, ಏನು ಹೇಳಲಿ ಎಂಬ ಹೆದರಿಕೆ ಅಂದಿನಿಂದ ಹತ್ತಿಕೊಂಡಿತು. ಹೋಳಿ ಹುಣ್ಣಿಮೆಗೆ ರಜೆ ಕೊಟ್ಟರೂ ಪರೀಕ್ಷೆಯ ನೆವ ಹೇಳಿ ಹಾಸ್ಟೆಲ್ಲಿನಲ್ಲೇ ಉಳಿದೆ.

ಯುಗಾದಿಗೆ ಹೋಗಲೇಬೇಕಾಯಿತು. ಅಪ್ಪ ತೀರಿಕೊಂಡ ವರ್ಷವಾದ್ದರಿಂದ ಮನೆಯಲ್ಲಿ ಹಬ್ಬವಿರಲಿಲ್ಲ. ಅವ್ವ, ಕಾಕಾ ಹೊಲಕ್ಕೆ ಹೋಗಿದ್ದರು. ಅತ್ತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಹಳ ಇಳಿದುಹೋಗಿದ್ದಳು, ಕುಪ್ಪಸದ ತೋಳು ಜೋತಾಡುತ್ತಿತ್ತು. ನನಗೆ ತಾಟು ಹಾಕಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ಒಂದು ತುತ್ತು ಬಾಯಿಗೆ ಇಟ್ಟಿದ್ದೆ.

'ಸಕ್ಕರಿ ಬ್ಯಾನಿ ಪಾಠ ಬಂತೇನ ನಿಮಗ?' ಎಂದಳು, ತಿರುಗಿ ನೋಡದೆ.

'ಬಂತು ಅತ್ತಿ.'

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದಳು. 'ಹಂಗಾರ ಹೇಳು. ಅವತ್ತ ಆ ಹೆಣ್ಮಗಳು ಸಕ್ಕರಿ ನೀರು ತಂದಿದ್ಲಲ್ಲ. ನಾ ತಡದೆ. ತಡೀಲಿಲ್ಲಂದ್ರ ಏನಾಗ್ತಿತ್ತು?'

ಹೊಗೆ ಕಣ್ಣಿಗೆ ತುಂಬಿತ್ತು. ಅವಳು ಆ ವಾಟೆಯನ್ನು ಮರೆತಿರಬಹುದು ಎಂದು ನಾನು ಹಾದಿಯುದ್ದಕ್ಕೂ ಆಸೆ ಇಟ್ಟುಕೊಂಡು ಬಂದಿದ್ದೆ. ಎಲ್ಲಿ ಮರೆಯುತ್ತಾಳೆ? ಇಷ್ಟು ತಿಂಗಳು ಅವಳು ತಿಂದದ್ದು, ಮಲಗಿದ್ದು, ಕನಸು ಕಂಡದ್ದು ಎಲ್ಲ ಆ ವಾಟೆಯೇ.

'ಅಲ್ಲೇ ಹೋಗಿಬಿಡ್ತಿದ್ದ ಅತ್ತಿ' ಎಂದೆ. 'ಆ ಬಾಕಿನ ಮ್ಯಾಲ. ನೀ ತಡದದ್ದಕ್ಕ ನಾಕ ದಿನ ಹೆಚ್ಚು ಇದ್ದ. ಅವ್ವಗ ಮುಖ ನೋಡಾಕರ ಸಿಕ್ಕಿತು.'

ಅವಳ ಕೈ ನಿಂತಿತು. 'ಖರೇ?'

'ಖರೇ.'

'ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲಲ್ಲ? ಪುಸ್ತಕದಾಗ ಹಂಗ ಐತಿ?'

'ಪುಸ್ತಕದಾಗ ಹಂಗ ಐತಿ ಅತ್ತಿ. ಮೇಡಂನ್ನ ಕೇಳೀನಿ. ಅವರೂ ಅದನ್ನ ಹೇಳಿದ್ರು.'

ಹಂಚಿನ ಮೇಲೆ ರೊಟ್ಟಿ ಕರಿದಾಗುತ್ತಿತ್ತು. ಅತ್ತಿ ಅದರ ಕಡೆ ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮಣ್ಣು ಕೊಡುವಾಗ ಬಾರದ ಅಳು ಈಗ ಬಂತು. 'ಲೇ ಗುರುಪಾದಾ, ನನ್ನಪ್ಪಾ' ಎಂದು ಹೆಸರು ಹಿಡಿದು ಕರೆಯುತ್ತ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಅತ್ತು ಅತ್ತು ಸಾಕಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಸುಟ್ಟ ರೊಟ್ಟಿ ತೆಗೆದು ಬಾಜು ಇಟ್ಟು, ಹೊಸ ಹಿಟ್ಟಿನ ಮುದ್ದೆ ಕೈಗೆ ತೆಗೆದುಕೊಂಡಳು. ಅವಳ ಮುಖ ಹಗುರಾಗಿತ್ತು. ನನ್ನ ಕಡೆ ನೋಡಿ, ಎಷ್ಟೋ ದಿನಗಳ ಮೇಲೆ ಸ್ವಲ್ಪ ನಕ್ಕಳು.

'ಉಣ್ಣವಾ' ಎಂದಳು. 'ನಿನ್ನ ಆ ಕಾಲೇಜಿಗೆ ಕಳಿಸಿದ್ದು ಸಾರ್ಥಕಾತು ನೋಡು.'

ನಾನು ತಲೆ ಎತ್ತದೆ ರೊಟ್ಟಿ ಮುರಿದೆ.